ಗಂಡನಿಗೇ ಮೇಲಧಿಕಾರಿ

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಮಂಡಿನೋವು ಹೇಗಿದೆ? ಆ ಊರಿನ ಆಸ್ಪತ್ರೆಗೆ ಲಿಫ್ಟ್ ಕೂರಿಸುವ ನೀವೇ, ಅದು ಮುಗಿಯುವ ತನಕ ದಿನವಿಡೀ ಮೆಟ್ಟಿಲು ಹತ್ತಿ ಇಳಿಯಬೇಕಲ್ಲ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಅತ್ತೆಯವರು ಚೆನ್ನಾಗಿದ್ದಾರೆ, ಮಗಳೂ ಅಷ್ಟೇ. ಚೆನ್ನಾಗಿಲ್ಲದವಳು ನಾನೊಬ್ಬಳೇ. ಫೋನಿನಲ್ಲಿ ಏನು ಕೇಳಿದರೂ "ಹೂಂ, ನಿನ್ನಿಷ್ಟ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದರ ನಡುವೆ ಹೂಂಗುಟ್ಟಲು ನಿಮಗೆ ಜಾಗವಿಲ್ಲ.

ನಮ್ಮ ಲಿಫ್ಟ್ ಕಂಪನಿಯ ಮ್ಯಾನೇಜರ್ ನಿವೃತ್ತರಾಗುತ್ತಿದ್ದಾರೆ, ಆ ಕುರ್ಚಿ ನನಗೆ ಕೊಡುತ್ತಾರಂತೆ, ನೀವೂ ನನ್ನ ಕೈಕೆಳಗೇ ಬರುತ್ತೀರಿ, ಸೋಮವಾರ ಉತ್ತರ ಕೊಡಬೇಕು ಎಂದು ನಾನು ನಿಮಗೆ ಹೇಳಿ ವಾರವಾಯಿತು. ನಿನ್ನಿಷ್ಟ ಎಂದರೆ ಏನರ್ಥ ರೀ? ಕಿಟಕಿಗೆ ಹಸಿರು ಪರದೆ ತರಲಾ ಎಂದಾಗಲೂ ಹಾಗೇ ಅಂದಿರಿ. ಆಮೇಲೆ ಆರು ತಿಂಗಳು ಆ ಕಿಟಕಿಯತ್ತ ತಲೆ ಹಾಕಲಿಲ್ಲ. ಇತ್ತ ಅತ್ತೆ "ಕಟ್ಕೊಂಡ ಗಂಡನಿಗೇ ಹಾಜರಿ ಹಾಕ್ತೀಯೇನೇ?" ಎಂದು ಮೂಗಿನ ಮೇಲೆ ಬೆರಳಿಟ್ಟರೆ, ಮಗಳು "ಅಪ್ಪ ಇನ್ಮೇಲೆ ಮನೇಲೂ ರಜಾ ಕೇಳ್ಬೇಕಾ?" ಎಂದು ಕಿಸಿಕಿಸಿ ನಗುತ್ತಾಳೆ. ಇಷ್ಟು ವರ್ಷ ನನ್ನ ಊಟದ ಡಬ್ಬಿಗೇ ಕೈ ಹಾಕುತ್ತಿದ್ದ ಮೆಕ್ಯಾನಿಕ್, ನಾವೆಲ್ಲ ಗಡಿಬಿಡಿ ಎಂದೇ ಕರೆಯುವ ಹುಡುಗ, ಮೊನ್ನೆಯಿಂದ ದೂರ ನಿಂತು "ಮೇಡಂ" ಎನ್ನುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ!

ನನಗೇನೂ ಕುರ್ಚಿಯ ಹುಚ್ಚಿಲ್ಲ. ಕಂಟ್ರೋಲ್ ಪೆಟ್ಟಿಗೆ ಬಿಚ್ಚಿ, ಕೆಟ್ಟು ನಿಂತ ಲಿಫ್ಟನ್ನು ಓಡಿಸಿದಾಗ ಆಗುವ ಖುಷಿ, ಆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಊರವರಿಂದ ಬೈಸಿಕೊಳ್ಳುವುದರಲ್ಲಿ ಎಲ್ಲಿದೆ? ಆದರೆ ಹೋದ ತಿಂಗಳು ಗಡಿಬಿಡಿಯೊಬ್ಬನನ್ನೇ ರಿಪೇರಿಗೆಂದು ಲಿಫ್ಟಿನ ಅಡಿಯ ಗುಂಡಿಗೆ ಇಳಿಸಿದ್ದರು. ಯಾರೋ ಗೊತ್ತಿಲ್ಲದೆ ಕರೆಂಟ್ ಹಾಕಿಬಿಟ್ಟರು. ಕೂದಲೆಳೆಯಲ್ಲಿ ಉಳಿದ. ಇಬ್ಬರನ್ನು ಕಳಿಸಿ, ಒಬ್ಬರು ಸ್ವಿಚ್ಚಿನ ಹತ್ತಿರ ನಿಲ್ಲಲಿ ಎಂದು ನಾನು ಹೇಳಿದರೆ, ಮ್ಯಾನೇಜರ್ "ಇಬ್ರು ಹೋದ್ರೆ ಹರಟೆ ಹೊಡೀತಾರಮ್ಮಾ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗೆ ಗುಂಡಿಗೆ ಇಳಿಯುವವರಲ್ಲಿ ನೀವೂ ಒಬ್ಬರಲ್ಲವೇ? ಅದಕ್ಕೇ ನನಗೆ ಈ ಕೆಲಸ ಬೇಕು. ನೀವು ಮುಖ ಊದಿಸಿಕೊಂಡು ಕೂರುತ್ತೀರೆಂಬ ಭಯವೂ ಇದೆ, ಸುಳ್ಳೇಕೆ ಹೇಳಲಿ.

ಮಂಡಿ ಜೋಪಾನ. ನಿಮ್ಮಮ್ಮನ ಆಶೀರ್ವಾದ, ಮಗಳ ಮುತ್ತು, ನನ್ನ ಸಿಟ್ಟು, ಮೂರನ್ನೂ ಸಮನಾಗಿ ಸ್ವೀಕರಿಸಿ.

ಇಂತು,
ನಿಮ್ಮ ಮನೆಯವಳು

ವಿ.ಸೂ.: ಸೋಮವಾರ, ಅವಸರದಲ್ಲಿ. ಕೆಲಸ ಒಪ್ಪಿಕೊಂಡೆ. ಒಪ್ಪಿದ ಕೂಡಲೇ ಮ್ಯಾನೇಜರ್ "ನಿಮ್ಮನೆಯವ್ರು ಇನ್ನೊಂದು ವರ್ಷ ಅಲ್ಲೇ ಇರ್ತೀನಿ ಅಂತ ನನ್ನ ಕೇಳ್ಕೊಂಡಿದಾರೆ, ಅದನ್ನ ನೀವೇ ನೋಡ್ಕೊಳಿ" ಎಂದರು. ನನ್ನೊಂದಿಗೆ ಒಂದು ಮಾತೂ ಆಡದೆ ಅವರ ಹತ್ತಿರ ಒಂದು ವರ್ಷ ಕೇಳಿದಿರಾ? ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ ರೀ. ಆಮೇಲೆ ಕಣ್ಣೊರೆಸಿಕೊಂಡು ಬಂದು, ಮ್ಯಾನೇಜರಾಗಿ ಮೊದಲ ಕೆಲಸ ಮಾಡಿದೆ: ನಿಮ್ಮ ಕೋರಿಕೆಗೆ ಆಗುವುದಿಲ್ಲ ಎಂದೆ. ಅಲ್ಲಿಗೆ ಬೇರೆಯವರು ಬರುತ್ತಿದ್ದಾರೆ. ಶನಿವಾರದ ಬಸ್ಸಿಗೆ ಹೊರಟು ಬನ್ನಿ. ಬಯ್ಯುವುದೇನಿದ್ದರೂ ಎದುರಿಗೆ ಕೂತು ಬಯ್ಯಿರಿ.