ಬಟನ್ ಒತ್ತಿದರೆ ಅವ್ವ

ನವೆಂಬರ್ 16, ಭಾನುವಾರ. ಪಂಚನಹಳ್ಳಿ.

ಜಾವಾಸ್ಕ್ರಿಪ್ಟ್‌ನಲ್ಲಿ ನನ್ನ ಮೊದಲ ಪೇಜ್, ಕಾಲೇಜ್ ಲ್ಯಾಬಿನಲ್ಲಿ ಮಾಡಿ ಮೊಬೈಲಿಗೆ ಹಾಕಿಕೊಂಡದ್ದು. ಬಟನ್ ಒತ್ತಿದರೆ ತೀರಿಹೋದ ಅವ್ವನ ಫೋಟೋ ಬರಬೇಕು. ಅದು ಪೇಜಿನೊಳಗೇ ಸೇರಿದೆ ಅಂದುಕೊಂಡು ಮೊಬೈಲಿನಿಂದ ಡಿಲೀಟ್ ಮಾಡಿದ್ದೆ. ಸಂಜೆ ಅಪ್ಪ ಒತ್ತಿದ. ಖಾಲಿ ಚೌಕ, ಅದರಲ್ಲಿ ನಾನು ಟೈಪ್ ಮಾಡಿದ್ದ 'ಅವ್ವ' ಅನ್ನುವ ಹೆಸರು ಮಾತ್ರ.

ಹಾಸ್ಟೆಲಿನ ಗೆಳತಿ ಪ್ರತಿಮಾಗೆ ಫೋನ್ ಮಾಡಿದೆ.

"ಲೇ, ಫೋಟೋ ಕೋಡೊಳಗೆ ಇರಲ್ಲ ಕಣೇ. ಲ್ಯಾಬ್ ಸಿಸ್ಟಮ್ಮಲ್ಲೇ ಉಳ್ಕೊಂಡಿರುತ್ತೆ." ಆಮೇಲೆ ಮೆಲ್ಲಗೆ, "ಅವನ್ನೆಲ್ಲ ನಿನ್ನೆ ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸ್ಬಿಟ್ರಲ್ಲೇ..."

ಅವ್ವನದು ಇದ್ದದ್ದೇ ಆ ಒಂದು ಫೋಟೋ. ಅಪ್ಪನಿಗೆ ನೆಟ್‌ವರ್ಕ್ ಇಲ್ಲ ಅಂದುಬಿಟ್ಟೆ.

"ನಿಧಾನಕ್ಕೆ ಬರ್ಲಿ ಬಿಡು ಮಗಾ, ಕಾಯ್ತೀನಿ" ಅಂದು ಮೊಬೈಲ್ ಹಿಡಿದು ಅಂಗಳಕ್ಕೆ ಹೋದ. ಇನ್ನೂ ಅಲ್ಲೇ ಕೂತಿದ್ದಾನೆ, ಟವರ್ ಕಡೆ ಮುಖ ಮಾಡಿ. ಆಗಾಗ ಒತ್ತಿ ನೋಡುತ್ತಾನೆ.