ಕೂಗಳತೆ

ಭಾನುವಾರ, ಸಂಜೆ

ಲೇತ್ ಸಾಹೇಬರಿಗೆ,

ನಮಸ್ಕಾರ. ಈ ಕಡೆ ನಾನು ಕ್ಷೇಮ ಅಂತ ಬರೆಯಬೇಕು, ಆದರೆ ಸೊಂಟ ಬಿದ್ದುಹೋಗಿದೆ. ಮನೆ ಬದಲಾಯಿಸಿದೆ. ಬಾಡಿಗೆ ಮನೆಯಲ್ಲ, ಕೊಂಡ ಮನೆ. ಹೌದು, ನಿಮ್ಮನ್ನು ಒಂದು ಮಾತೂ ಕೇಳದೆ ಕೊಂಡೆ. ಬೇರೆಯಾದ ಮೇಲೆ ಯಾವುದಕ್ಕೆ ಕೇಳಿದ್ದೇನೆ ಹೇಳಿ.

ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ, ಬಚ್ಚಲು. ಅಡುಗೆಮನೆಯಲ್ಲಿ ತಿರುಗಬೇಕಾದರೆ ಮೊದಲು ಕೈಯಲ್ಲಿದ್ದ ಡಬ್ಬ ಕೆಳಗಿಡಬೇಕು. ಆದರೆ ಹಿಂಬಾಗಿಲು ತೆಗೆದರೆ ಹೋಗುತ್ತಲೇ ಇರುವ ಜಾಗ. ಈ ಬೀದಿಯಲ್ಲಿ ಉಳಿದೆಲ್ಲ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನನ್ನ ಸೈಟು ಮಾತ್ರ ಹಿಂದಿನ ಬೀದಿಯ ತನಕ ಚಾಚಿದೆ. ಹುಲ್ಲು, ಕಲ್ಲು, ಒಂದು ಮುದಿ ಸೀಬೆ ಮರ, ಕೊನೆಗೆ ಕಾಂಪೌಂಡು ಗೋಡೆ. ಮೂಗಿಗಿಂತ ಮೂಗುತಿ ಭಾರ ಅಂತ ನೀವು ನಗುತ್ತೀರಿ, ಗೊತ್ತು. ಬ್ರೋಕರ್ ನಗಲಿಲ್ಲ, ಪಾಪ. ಇದನ್ನ ಒಡೆದು ಮೂರಂತಸ್ತು ಎಬ್ಬಿಸಿ ಮೇಡಂ, ಬಾಡಿಗೆ ತಿಂದ್ಕೊಂಡು ಆರಾಮಾಗಿರಿ ಅಂದ. ಬಾಡಿಗೆಯವರೂ ಬೇಡ, ಅವರ ಗಲಾಟೆಯೂ ಬೇಡ ಅಂದೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಬೆಳಗಿನಿಂದ ಸಂಜೆ ತನಕ ಎಕ್ಸ್‌ರೇ ಎಲ್ಲಿ, ಲಿಫ್ಟ್ ಎಲ್ಲಿ, ನಮ್ಮಮ್ಮ ಎಲ್ಲಿ. ಗಾಜಿನ ತೂತಿಗೆ ಬಾಯಿಟ್ಟು ಕಿರುಚುತ್ತಾರೆ. ಆಗೆಲ್ಲ ಮನೆಗೆ ಬಂದರೆ ನೀವು. ಚಹಾ ಆಯ್ತಾ ಅಂತ ನೀವು ನನ್ನನ್ನು ಕೇಳಿದರೆ ಪಕ್ಕದ ಮನೆಯವರು ಆಯ್ತು ಅನ್ನಬೇಕು, ಅಂಥ ಗಂಟಲು. ಜೀವನವಿಡೀ ಲೇತ್ ಮುಂದೆ ನಿಂತು ಕಬ್ಬಿಣ ಕಡೆದವರು, ಯಂತ್ರದ ಸದ್ದಿನ ಮೇಲೆ ಮಾತಾಡಿಯೇ ಅಭ್ಯಾಸ. ನಾನು ಬಾಯಿ ಮುಚ್ಚಿಕೊಂಡೆ, ನೀವು ಮೌನಗೌರಿ ಅಂತ ಹೆಸರಿಟ್ಟಿರಿ. ಆ ಹಳೇ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ನಿಮ್ಮ ಗದ್ದಲಕ್ಕೂ ನನ್ನ ಮೌನಕ್ಕೂ ಜಾಗ ಸಾಲಲಿಲ್ಲ. ನೀವು ವರ್ಕ್‌ಶಾಪಿನ ಹತ್ತಿರ ರೂಮು ಹಿಡಿದಿರಿ. ಜಗಳ ಕೂಡ ಆಡಲಿಲ್ಲ ನಾವು, ಅಷ್ಟು ದಣಿದಿದ್ದೆವು.

ಈಗ ವರ್ಕ್‌ಶಾಪು ಮುಚ್ಚುತ್ತಿದೆ, ರೂಮು ಬಿಡಬೇಕು, ತಮ್ಮ ತನ್ನ ಮನೆಗೇ ಬಂದುಬಿಡು ಅನ್ನುತ್ತಿದ್ದಾನೆ, ತಿಂಗಳೊಳಗೆ ಉತ್ತರ ಕೊಡಬೇಕು, ಏನು ಮಾಡಲಿ ಅಂತ ಬರೆದಿದ್ದೀರಿ. ನನ್ನನ್ನು ಯಾಕೆ ಕೇಳುತ್ತೀರಿ? ಒಡಹುಟ್ಟಿದವನು, ಬಾಯ್ತುಂಬ ಕರೆದಿದ್ದಾನೆ. ಅವನೂರಿಗೆ ಹಗಲೂ ರಾತ್ರಿ ರೈಲಿನ ದಾರಿ. ಈ ವಯಸ್ಸಿನಲ್ಲಿ ಅಷ್ಟು ದೂರ ಹೋದವರು ತಿರುಗಿ ಬರುವುದು ಕಷ್ಟ. ಅದೊಂದನ್ನು ಯೋಚಿಸಿ.

ಇನ್ನೊಂದು ವಿಷಯ. ಜಾಗ ಸುಮ್ಮನೆ ಬಿದ್ದಿದೆಯಲ್ಲ ಅಂತ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸುತ್ತಿದ್ದೇನೆ. ಅದಕ್ಕೆ ಬೇರೆ ಬಾಗಿಲು, ಬೇರೆ ಬಚ್ಚಲು. ಸಾಮಾನು ಇಡುವುದಕ್ಕೆ ಅಂತ ಮೇಸ್ತ್ರಿಗೆ ಹೇಳಿದೆ. ಸಾಮಾನಿಗೆ ಕಿಟಕಿ ಯಾಕಮ್ಮಾ, ಫ್ಯಾನು ಯಾಕಮ್ಮಾ ಅಂತ ಅವನ ವಿಚಾರಣೆ ಬೇರೆ. ಎಲ್ಲಿ ಕಟ್ಟಲಿ ಅಂದ. ಕೂಗಳತೆಯಲ್ಲಿ ಅಂದೆ. ಟೇಪು ಹಿಡಿದುಕೊಂಡು ಬಾಯಿ ಬಿಟ್ಟು ನಿಂತ. ಕೂಗಳತೆ ಟೇಪಿಗೆ ಸಿಗುವುದಿಲ್ಲವಲ್ಲ. ಅವನನ್ನು ಹಿಂದೆ ಹಿಂದೆ ನಡೆಸುತ್ತಾ, ನಾನು ಹಿಂಬಾಗಿಲಲ್ಲಿ ನಿಂತು ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ ಅಂತ ಕೂಗುತ್ತಾ ಹೋದೆ. ಸೀಬೆ ಮರ ದಾಟಿ ಗೋಡೆ ಹತ್ತಿರ ಹೋದ ಮೇಲೆ, ಸಾಕಮ್ಮಾ, ಇನ್ನೂ ಹಿಂದೆ ಹೋದ್ರೆ ಕೇಳಲ್ಲ ಅಂತ ಕೈಯಾಡಿಸಿದ. ಅಲ್ಲೇ ಸುಣ್ಣದ ಗೆರೆ ಎಳೆಸಿದೆ. ಅಷ್ಟು ದೂರದಲ್ಲಿ ಯಾರು ಎಷ್ಟು ಜೋರಾಗಿ ರೇಡಿಯೋ ಹಾಕಿಕೊಂಡರೂ ನನಗೆ ತೊಂದರೆಯಿಲ್ಲ. ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿ, ಊಟಕ್ಕೆ ಯಾರ್ರೀ ಬರೋರು ಅಂತ ಕೇಳಿದಳು. ಸಾಮಾನು ಅಂದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಎರಡನ್ನೂ ನೋಡಿಯಾಯಿತು, ಸಾಕಾಗಿದೆ. ಯಾವುದನ್ನೂ ಮತ್ತೆ ಮೊದಲಿಂದ ಶುರು ಮಾಡುವ ತ್ರಾಣ ನನ್ನಲ್ಲಿಲ್ಲ. ಇದ್ದದ್ದನ್ನೇ ಸ್ವಲ್ಪ ಸರಿಸಿ ಇಟ್ಟುಕೊಂಡರೆ ಬಾಳಬಹುದೇನೋ. ಬನ್ನಿ ಅಂತ ನಾನು ಬರೆಯುತ್ತಿಲ್ಲ. ತಮ್ಮನಿಗೆ ಉತ್ತರ ಕೊಡುವ ಮೊದಲು ಒಮ್ಮೆ ಜಾಗ ನೋಡಿಕೊಂಡು ಹೋಗಿ, ಅಷ್ಟೇ.

ಇಂತಿ,
ನಿಮ್ಮ ಮೌನಗೌರಿ

ತಾ.ಕ. (ಸೋಮವಾರ): ನಿನ್ನೆ ಕವರಿಗೆ ಅಂಟು ಹಚ್ಚುವಾಗ ಹೊಳೆಯಿತು. ನಾನು ಕೂಗಳತೆ ನೋಡಿದ್ದು ಮೇಸ್ತ್ರಿಯ ಕಿವಿಯಿಂದ. ಹೋದ ಸಲ ಬಸ್ ಸ್ಟ್ಯಾಂಡಿನಲ್ಲಿ ನಾನು ಹಿಂದಿನಿಂದ ಎಷ್ಟು ಕರೆದರೂ ನೀವು ತಿರುಗಲಿಲ್ಲ. ಸಿಟ್ಟಿರಬೇಕು ಅಂದುಕೊಂಡೆ. ಎದುರಿಗೆ ಬಂದು ನಿಂತಾಗ, ಯಾವಾಗ ಬಂದೆ ಅಂತ ಮುಖ ಅರಳಿಸಿಕೊಂಡು ಕೇಳಿದಿರಿ. ಇವತ್ತು ಬೆಳಿಗ್ಗೆ ಆ ಸುಣ್ಣದ ಗೆರೆ ಅಳಿಸಿ, ಅಡುಗೆಮನೆ ಗೋಡೆಗೇ ಆನಿಸಿ ಹೊಸ ಗೆರೆ ಎಳೆಸಿದೆ. ಇಷ್ಟು ದೊಡ್ಡ ಜಾಗ ಇಟ್ಕೊಂಡು ಇಷ್ಟು ಹತ್ತಿರಾನಾ ಅಮ್ಮಾ ಅಂತ ಮೇಸ್ತ್ರಿ ಹಣೆ ಚಚ್ಚಿಕೊಂಡ. ಕಿವಿ ಕೇಳದ ಸಾಮಾನಪ್ಪಾ ಅದು ಅಂದೆ.