ಧಾರಿಣಿಯ ಮೊದಲ ಸುತ್ತು

ನವೆಂಬರ್ 3, ಸೋಮವಾರ
ಮೆಟ್ರೋದಲ್ಲಿ ಸೀಟು ಸಿಕ್ಕಿತು. ನಾಲ್ಕು ಸ್ಟೇಷನ್, ಆರು ಪುಟ. ಹಂಗೇರಿಯ ಕಾದಂಬರಿ. ಅನುವಾದಕ ಎಲ್ಲರಿಗೂ ಒಂದೇ ದನಿ ಕೊಟ್ಟಿದ್ದಾನೆ — ರೈತನೂ ಜಡ್ಜೂ ಒಂದೇ ಥರ ಮಾತಾಡುತ್ತಾರೆ.

ಮಗಳು ಧಾರಿಣಿ ಹರಿಯಾಣದ ಒಂದು ಯೂನಿವರ್ಸಿಟಿಗೆ ಮೊದಲ ಸುತ್ತಿನಲ್ಲೇ ಅರ್ಜಿ ಹಾಕುತ್ತಾಳಂತೆ. ಕೊನೆಯ ದಿನ 12. ಅರ್ಧಕ್ಕಿಂತ ಹೆಚ್ಚು ಸೀಟುಗಳು ಆ ಸುತ್ತಿನಲ್ಲೇ ತುಂಬುತ್ತವಂತೆ. ಆದರೆ ವರ್ಷಕ್ಕೆ ಒಂದೇ ಅರ್ಜಿ. ಈಗ ಅವರು ತಿರಸ್ಕರಿಸಿದರೆ ಮುಗಿಯಿತು. ಕಳಿಸಬೇಕಾದದ್ದು ಹನ್ನೊಂದನೇ ಕ್ಲಾಸಿನ ಅಂಕಪಟ್ಟಿ — ಆ ವರ್ಷ ಕಾಮಾಲೆ, ಗಣಿತ 41. ಜನವರಿಯ ಸುತ್ತಿಗೆ ಈ ವರ್ಷದ ಅಂಕಗಳೂ ಸೇರುತ್ತವೆ. ಕಾಯಲು ಹೇಳಿದೆ.

ನವೆಂಬರ್ 6, ಸಂಜೆ
ಅರ್ಜಿಯ ಜೊತೆ ಕಳಿಸುವ ಪ್ರಬಂಧ ನೋಡಲು ಕೊಟ್ಟಳು. ಮೊದಲ ವಾಕ್ಯವೇ: ಗಣಿತದಲ್ಲಿ ನನಗೆ ನಲವತ್ತೊಂದು. ಹೊಡೆದುಹಾಕಿದೆ. ಕಾಮಾಲೆಯಲ್ಲಿ ಮಲಗಿದ್ದಾಗ ಕಿಟಕಿಯಾಚೆ ಹಾರುವ ಹದ್ದುಗಳನ್ನು ದಿನವೂ ಎಣಿಸಿ ಗ್ರಾಫ್ ಮಾಡಿದಳಂತೆ... ನನಗೆ ಗೊತ್ತೇ ಇರಲಿಲ್ಲ. ಅದನ್ನು ಉಳಿಸಿ, ತಿದ್ದಿ, ಮೂರು ಪುಟವನ್ನು ಒಂದೂವರೆಗೆ ಇಳಿಸಿದೆ. ಅಚ್ಚುಕಟ್ಟಾಯಿತು.

ನವೆಂಬರ್ 7, ಬೆಳಿಗ್ಗೆ
"ಅಪ್ಪ, ಕೆಳಗೆ ಇನಿಶಿಯಲ್, ಡೇಟ್ ಬೇರೆ ಹಾಕಿದೀಯ! ನಾನೇನು ಫೈಲಾ?"
ಆಫೀಸಿನಲ್ಲಿ ಕರಡು ತಿದ್ದುವ ಅಭ್ಯಾಸಬಲ. ನೋಡಿಕೊಂಡಿರಲಿಲ್ಲ.
ಹೆಂಡತಿ ಲೀಲಾ ದೋಸೆ ಹಾಕುತ್ತ, "ಸದ್ಯ, ಸೀಲು ಆಫೀಸಲ್ಲೇ ಬಿಟ್ಟು ಬಂದಿದಾರೆ."
ಧಾರಿಣಿ ನಗಲಿಲ್ಲ. "ಇದನ್ನ ಬರೆದಿರೋದು ನಾನಲ್ಲ, ನಿನ್ನ ಸೆಕ್ಷನ್. ನಲವತ್ತೊಂದು ಮುಚ್ಚಿಟ್ಟರೆ ಹದ್ದು ಯಾಕೆ ಎಣಿಸ್ದೆ ಅಂತ ಹೇಗೆ ಗೊತ್ತಾಗುತ್ತೆ? ಸಮಝೋ ನಾ, ಅಪ್ಪ, ಅರ್ಥ ಮಾಡ್ಕೋ."
ಮೆಟ್ರೋದಲ್ಲಿ ಪುಸ್ತಕ ತೆರೆಯಲಿಲ್ಲ. ಆ ಅನುವಾದಕನನ್ನು ಬೈದವನು ನಾನೇ.

ನವೆಂಬರ್ 11
ನನ್ನ ತಿದ್ದುಪಡಿ ಬಿಟ್ಟು ಅವಳೇ ಬರೆದ ಪ್ರತಿ ಓದಿದೆ. ಪೆನ್ಸಿಲ್ ಮುಟ್ಟಲಿಲ್ಲ. ಎರಡು ಕಡೆ ಕೈ ತುರಿಸಿತು. ಆದರೂ, ಹೀಗೆ ಬರೆಯಲು ನನಗೆ ಬರುವುದಿಲ್ಲ.
"ಜನವರಿ?" ಎಂದೆ, ಮತ್ತೊಮ್ಮೆ.
"ನೋಡ್ತೀನಿ."
ನಾಳೆ ಕೊನೆಯ ದಿನ.

ನವೆಂಬರ್ 12, ಸಂಜೆ 4.10, ಆಫೀಸು
ಫೋನು. "ಅಪ್ಪ, ಸಬ್ಮಿಟ್ ಮಾಡ್ದೆ. ಈಗಷ್ಟೆ."
ಮುಂದಿದ್ದ ಫೈಲು ಮುಚ್ಚಿದೆ.
"ನಿನ್ನ ಕೇಳಲಿಲ್ಲ. ಕೇಳಿದ್ರೆ ಕಾಯ್ತಿದ್ದೆ. ಬೈತೀಯಾ?"
"ಇಲ್ಲ."
"ಸಿಗದೇ ಹೋದ್ರೆ?"
"ಸಿಗದೇ ಹೋದರೂ ಇಲ್ಲ."
ಫೋನು ಇಟ್ಟಳು. ಪಕ್ಕದ ಟೇಬಲಿನ ಗುರುರಾಜರು ಕತ್ತೆತ್ತಿದರು. "ಏನ್ರೀ, ಪ್ರಮೋಷನ್ನಾ? ಮುಖ ಹೀಗೆ ಅರಳಿದೆ?"
"ನನ್ನ ಮಗಳು," ಎಂದೆ.
"ಏನು ಮಾಡಿದಳು?"
ಹೇಳಲು ಹೋದೆ. ನನ್ನ ಮಗಳು ನನ್ನನ್ನು ಕೇಳದೆಯೇ—